ಕಮಾನಿನ ಕಪಾಟು ಮತ್ತು ಓಬ್ಲಿಕ್ ಚಿತ್ರ

ಕಲಬುರಗಿಯಲ್ಲಿ ನಾನು ಮರಗೆಲಸದ ಅಂಗಡಿ ನಡೆಸುತ್ತೇನೆ. ಚಿತ್ರ ಬರೆದು ಗಿರಾಕಿಗೆ ತೋರಿಸದೆ ಪ್ಲೈವುಡ್‌ಗೆ ಗರಗಸ ಹಾಕುವುದಿಲ್ಲ. ಒಮ್ಮೆ ಒಬ್ಬರು ಕಮಾನಿನ ತಲೆಯ ಕಪಾಟು ಕೇಳಿದರು. ಐಟಿಐನಲ್ಲಿ ಕಲಿತ ಐಸೊಮೆಟ್ರಿಕ್‌ನಲ್ಲೇ, ಅಂದರೆ ಮೂರು ಮುಖಗಳನ್ನೂ ಓರೆಯಾಗಿ ತೋರಿಸುವ ಚಿತ್ರದಲ್ಲೇ, ಶುರು ಮಾಡಿದೆ. ಅದರಲ್ಲಿ ವೃತ್ತ ಅಂಡಾಕಾರವಾಗುತ್ತದೆ, ನಾಲ್ಕು ಕೇಂದ್ರ ಹುಡುಕಿ ಬರೆಯಬೇಕು. ಅಷ್ಟು ಕಷ್ಟಪಟ್ಟರೂ ಗಿರಾಕಿ ಕಣ್ಣಿಗೆ ಕಮಾನು ಸೊಟ್ಟಗೆ ಕಂಡಿತು.

ಆಗ ಓಬ್ಲಿಕ್ ಎಂಬ ಇನ್ನೊಂದು ಬಗೆಯ ಚಿತ್ರ ಹಿಡಿದೆ. ಇದರಲ್ಲಿ ಎದುರಿನ ಮುಖ ಕಾಗದಕ್ಕೆ ಸಮಾನಾಂತರ. ಹಾಗಾಗಿ ಅದು ನಿಜವಾದ ಆಕಾರದಲ್ಲೇ ಬರುತ್ತದೆ. ವಸ್ತುವಿನಿಂದ ಕಾಗದಕ್ಕೆ ಬರುತ್ತವೆ ಎಂದು ಊಹಿಸಿಕೊಳ್ಳುವ ಗೆರೆಗಳು ಮಾತ್ರ ನೇರವಾಗಿ ಬೀಳದೆ ಓರೆಯಾಗಿ ಬೀಳುತ್ತವೆ. ಅದಕ್ಕೇ ಪಕ್ಕದ ಮುಖವೂ ಕಾಣುತ್ತದೆ.

ಕಪಾಟಿನ ಅಗಲ 900 ಮಿ.ಮೀ., ನೇರ ಭಾಗದ ಎತ್ತರ 1200, ಮೇಲೆ ಅರ್ಧ ವೃತ್ತ, ಆಳ 450. ಹತ್ತಕ್ಕೆ ಒಂದರ ಅಳತೆಯಲ್ಲಿ 90, 120 ಗೆರೆ ಎಳೆದು, ಕಂಪಾಸಿನಲ್ಲಿ 45 ಹಿಡಿದು ಕಮಾನು ತಿರುಗಿಸಿದೆ. ಮುಖ ಮುಗಿಯಿತು! ಸೆಟ್‌ಸ್ಕ್ವೇರ್ ಇಟ್ಟು ಬಲಕ್ಕೆ ಮೇಲ್ಮುಖವಾಗಿ 45 ಡಿಗ್ರಿಯಲ್ಲಿ ಆಳದ ಗೆರೆಗಳನ್ನು ಎಳೆದೆ. ಆಳವನ್ನು ಪೂರ್ತಿ 45 ಮಿ.ಮೀ. ಇಟ್ಟೆ. ಇದಕ್ಕೆ ಕ್ಯಾವಲಿಯರ್ ಎನ್ನುತ್ತಾರೆ. ಗಿರಾಕಿ ನೋಡಿ, "ಇಷ್ಟು ಆಳ ಯಾಕ್ರೀ? ನಮ್ಮ ಖೋಲ್ಯಾಗ ಹಿಡಿಯಂಗಿಲ್ಲ" ಅಂದರು. ಅಳತೆ ಸರಿಯೇ ಇತ್ತು, ಕಣ್ಣಿಗೆ ಜಾಸ್ತಿ ಕಾಣುತ್ತಿತ್ತು. ಆಳವನ್ನು ಅರ್ಧ ಮಾಡಿ 22.5 ಇಟ್ಟಾಗ ಕಪಾಟು ಕಪಾಟಿನ ಹಾಗೆ ಕಂಡಿತು. ಇದು ಕ್ಯಾಬಿನೆಟ್ ಓಬ್ಲಿಕ್. ಪೀಠೋಪಕರಣದವರು ಬಳಸಿ ಬಳಸಿಯೇ ಆ ಹೆಸರು ಬಂದದ್ದು.

ಹಿಂದಿನ ಕಮಾನು ಬರೆಯುವುದು ನನಗೆ ಬಹಳ ಇಷ್ಟ. ಮುಂದಿನ ಕೇಂದ್ರದಿಂದ ಅದೇ 45 ಡಿಗ್ರಿ ಗೆರೆಯ ಮೇಲೆ 22.5 ಹೋಗಿ, ಅಲ್ಲಿ ಕಂಪಾಸು ಊರಿ, ಮುಂದಿನ ಕಮಾನಿಗೆ ಹಿಡಿದ ಅದೇ 45 ಮಿ.ಮೀ.ನಲ್ಲಿ ತಿರುಗಿಸಬೇಕು. ಮರೆಯಾಗುವ ಭಾಗ ಬೇಡ. ಆಮೇಲೆ ಎಡಗಡೆಯ ಹೆಗಲಿನಲ್ಲಿ ಎರಡೂ ಕಮಾನುಗಳನ್ನು ಸವರಿ ಹೋಗುವ ಒಂದು ಓರೆ ಗೆರೆ ಎಳೆಯಬೇಕು. ಶುರುವಿನಲ್ಲಿ ನಾನು ಈ ಗೆರೆ ಬಿಡುತ್ತಿದ್ದೆ, ಎರಡು ಕಮಾನು ಬೇರೆ ಬೇರೆ ತೇಲುತ್ತಿದ್ದವು. ಅದನ್ನು ಎಳೆದ ಕೂಡಲೇ ಕಪಾಟು ಕಾಗದದಿಂದ ಎದ್ದು ನಿಲ್ಲುತ್ತದೆ.

ದುಂಡು ಇರುವ ಮುಖವನ್ನೇ ಎದುರಿಗೆ ಇಡಬೇಕು. ಅದು ಪಕ್ಕಕ್ಕೆ ಹೋದರೆ ಮತ್ತೆ ಅಂಡಾಕಾರದ ಕಾಟ. ಎಲ್ಲಾ ಮುಖಗಳೂ ಚೌಕೋನವಾಗಿದ್ದರೆ ಉದ್ದನೆಯ ಮುಖ ಎದುರಿಗಿರಲಿ.

ಆ ಕಪಾಟಿನಲ್ಲಿ ಒಂದು ನಷ್ಟವೂ ಆಯಿತು. ಅಂಗಡಿಯ ಹುಡುಗ ಚಿತ್ರಕ್ಕೆ ಪಟ್ಟಿ ಇಟ್ಟು, 22.5 ಅಳೆದು, ಹತ್ತರಿಂದ ಗುಣಿಸಿ, ಪಕ್ಕದ ಹಲಗೆಗಳನ್ನು 225ಕ್ಕೆ ಕೊಯ್ದಿದ್ದ. ತಪ್ಪು ನನ್ನದೇ. ಚಿತ್ರದಲ್ಲಿ ಆಳ ಅರ್ಧ ಎಂದು ಅವನಿಗೆ ಹೇಳಿರಲಿಲ್ಲ, ಅಂಕಿಯನ್ನೂ ಬರೆದಿರಲಿಲ್ಲ. ಈಗ ಗೆರೆ ಎಷ್ಟೇ ಉದ್ದವಿರಲಿ, ಅದರ ಮೇಲೆ ನಿಜವಾದ ಅಳತೆ 450 ಎಂದೇ ಬರೆಯುತ್ತೇನೆ. ಹುಡುಗರೂ ಅಂಕಿ ಓದಿಯೇ ಕೊಯ್ಯುತ್ತಾರೆ.