ಹೀಟ್ ಮೀಟರಿನ ಮುಳ್ಳನ್ನು ನಾನು ಎಷ್ಟು ನಂಬುತ್ತೇನೆ

ನನ್ನಲ್ಲಿ ಎರಡು ಲಾರಿಗಳಿವೆ. ಒಂದು ಇಂಜಿನ್ನಿಗೆ ಕಂಪ್ಯೂಟರ್ ಬರುವುದಕ್ಕೂ ಮುಂಚಿನದು, ಇನ್ನೊಂದು 2020ರ ಏಪ್ರಿಲ್ ನಂತರ ಕೊಂಡ, ಹೊಗೆಯ ಮಿತಿಯ ಬಿಎಸ್6 ನಿಯಮಕ್ಕೆ ತಕ್ಕ ಗಾಡಿ. ಎರಡೂ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನ, ಬೆಂಗಳೂರಿನ ಕಡೆಗೆ ಸರಕು ಸಾಗಿಸುತ್ತವೆ. ಎರಡರ ಡ್ಯಾಶ್‌ಬೋರ್ಡಿನಲ್ಲೂ ಇಂಜಿನ್ ತಣಿಸುವ ನೀರಿನ ಬಿಸಿ ತೋರಿಸುವ ಹೀಟ್ ಮೀಟರ್ ಇದೆ. ಎರಡೂ ಮೀಟರುಗಳು ದಾರಿ ತಪ್ಪಿಸಬಲ್ಲವು, ಆದರೆ ತಪ್ಪಿಸುವ ಬಗೆ ಬೇರೆ ಬೇರೆ. ಹಳೆಯದು ಕೆಟ್ಟಾಗ ತಪ್ಪು ಹೇಳುತ್ತದೆ. ಹೊಸದು ಸರಿಯಾಗಿರುವಾಗಲೂ ಪೂರ್ತಿ ಹೇಳುವುದಿಲ್ಲ.

ಹಳೆಯ ಲಾರಿಯಿಂದಲೇ ಆರಂಭಿಸುತ್ತೇನೆ. ಅದರ ವ್ಯವಸ್ಥೆ ಸರಳ. ಇಂಜಿನ್ ಬ್ಲಾಕಿನಲ್ಲಿ ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಹತ್ತಿರ ಒಂದು ಸೆನ್ಸರ್, ಅದರಿಂದ ಮೀಟರಿಗೆ ಒಂದೇ ವೈರು. ಸೆನ್ಸರಿನ ಮೈಯೇ ಬ್ಲಾಕಿಗೆ ತಗುಲಿ ಅರ್ತ್ ಆಗುತ್ತದೆ. ಬಿಸಿ ಏರಿದಂತೆ ಸೆನ್ಸರಿನ ಒಳಗಿನ ವಿದ್ಯುತ್ ತಡೆ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಮೇಲೇರುತ್ತದೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ವೈರು ತುಂಡಾದರೆ ಮುಳ್ಳು ತಣ್ಣಗಿನ ಕಡೆ ಬಿದ್ದಿರುತ್ತದೆ. ವೈರಿನ ಸಿಪ್ಪೆ ಸುಲಿದು ಚಾಸಿಗೆ ತಾಗಿದರೆ ಕೆಂಪು ಗೆರೆಯ ಆಚೆಗೆ ಹೋಗಿ ಕೂರುತ್ತದೆ. ಅರ್ತ್ ಸರಿಯಿಲ್ಲದಿದ್ದರೆ ತಡೆ ಹೆಚ್ಚಾಗಿ, ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನುತ್ತದೆ. ಈ ಮೂರರಲ್ಲಿ ಕೊನೆಯದೇ ಅತ್ಯಂತ ಅಪಾಯಕಾರಿ. ಮುಳ್ಳು ಕೆಂಪಿಗೆ ಹೋದರೆ ಯಾರಾದರೂ ಗಾಡಿ ನಿಲ್ಲಿಸುತ್ತಾರೆ, ಕೆಳಗಿದ್ದರೆ ಯಾರೂ ನಿಲ್ಲಿಸುವುದಿಲ್ಲ.

ನನ್ನ ಲಾರಿಯಲ್ಲಿ ಆಗಿದ್ದೂ ಅದೇ. ನಾನು ಕೊಂಡಾಗಿನಿಂದ ಮುಳ್ಳು ಕಾಲು ಭಾಗದ ಮೇಲೆ ಹೋಗುತ್ತಿರಲಿಲ್ಲ. ಹಿಂದಿನ ಮಾಲೀಕರು ಅದನ್ನೇ ಗಾಡಿಯ ಗುಣವೆಂದು ಹೊಗಳಿ ಮಾರಿದ್ದರು. ಸೆನ್ಸರ್ ಬಿಚ್ಚಿಸಿ ನೋಡಿದರೆ, ನೀರು ಸೋರದಿರಲಿ ಎಂದು ಯಾರೋ ಅದರ ಮರೆಗೆ (ತಿರುಗಿಸಿ ಕೂರಿಸುವ ಸುರುಳಿ ಗೀರುಗಳಿಗೆ) ದಪ್ಪನಾಗಿ ಟೆಫ್ಲಾನ್ ಟೇಪು ಸುತ್ತಿದ್ದರು. ಟೇಪು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಸೆನ್ಸರಿಗೆ ಅರ್ತೇ ಸರಿಯಾಗಿ ಸಿಗುತ್ತಿರಲಿಲ್ಲ. ಟೇಪು ತೆಗೆದು, ಮರೆ ಉಜ್ಜಿ, ತಾಮ್ರದ ವಾಷರ್ ಹಾಕಿ ಕೂರಿಸಿದ ಮೇಲೆ ಮುಳ್ಳು ಮೇಲೇರಿತು.

ಆದರೆ ಮೇಲೇರಿದ ಮುಳ್ಳು ಎಷ್ಟು ಡಿಗ್ರಿ ಹೇಳುತ್ತಿದೆ? ಆ ಮೀಟರಿನಲ್ಲಿ ಅಂಕಿಗಳೇ ಇಲ್ಲ, ಒಂದು ತುದಿಗೆ ನೀಲಿ, ಇನ್ನೊಂದು ತುದಿಗೆ ಕೆಂಪು, ಅಷ್ಟೆ. ಹಾಗಾಗಿ ಅಂಕಿಗಳನ್ನು ನಾನೇ ಬರೆದುಕೊಳ್ಳಲು ನಿರ್ಧರಿಸಿದೆ. ಸೆನ್ಸರನ್ನು ಮತ್ತೆ ಬಿಚ್ಚಿಸಿ, ಉದ್ದದ ವೈರು ಜೋಡಿಸಿ, ಅದರ ಮೈಯನ್ನು ಇನ್ನೊಂದು ವೈರಿನಿಂದ ಬ್ಲಾಕಿಗೆ ಕಟ್ಟಿ, ಪಾತ್ರೆಯ ಬಿಸಿ ನೀರಿನಲ್ಲಿ ಇಳಿಬಿಟ್ಟೆವು. ಜೊತೆಗೆ ಅಡುಗೆಯ ಥರ್ಮಾಮೀಟರ್. 80ಕ್ಕೆ, 90ಕ್ಕೆ, ಕುದಿಯುವಾಗ 100ಕ್ಕೆ ಮುಳ್ಳು ಎಲ್ಲಿ ನಿಂತಿತೋ ಅಲ್ಲಿ ಗಾಜಿನ ಮೇಲೆ ಬಿಳಿ ಬಣ್ಣದ ಸಣ್ಣ ಗೆರೆ ಎಳೆದೆ. ಡ್ರೈವರ್ ಸೀಟಿನಲ್ಲಿ ಕುಳಿತೇ ಎಳೆಯಬೇಕು. ಪಕ್ಕದಿಂದ ಬಗ್ಗಿ ನೋಡಿ ಎಳೆದರೆ ಗಾಜಿಗೂ ಮುಳ್ಳಿಗೂ ನಡುವಿನ ಅಂತರದಿಂದ ಗೆರೆ ಜಾರುತ್ತದೆ. ಇಂಜಿನ್ ಓಡುತ್ತಿರುವಾಗಲೇ ನೋಡುವುದು ಒಳ್ಳೆಯದು, ಬರಿಯ ಬ್ಯಾಟರಿಯ ವೋಲ್ಟೇಜಿಗೂ ಆಲ್ಟರ್ನೇಟರ್ ಕೊಡುವ ವೋಲ್ಟೇಜಿಗೂ ವ್ಯತ್ಯಾಸವಿದೆ. ಈ ಪರೀಕ್ಷೆಯನ್ನು ಮಂಗಳೂರಿನಲ್ಲಿ ಮಾಡಿದೆ. ಸಕಲೇಶಪುರದ ಎತ್ತರದಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಅಲ್ಲಿ ಮಾಡುವವರು ಕುದಿಯುವ ನೀರನ್ನು 100 ಎಂದು ಲೆಕ್ಕ ಹಾಕಬಾರದು.

ಇನ್ನೊಂದು ಪರೀಕ್ಷೆಗೆ ಪಾತ್ರೆಯೂ ಬೇಡ, ಸ್ಪ್ಯಾನರೂ ಬೇಡ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಅಥವಾ ವೈಪರ್ ತಿರುಗಿಸಿದಾಗ ಹೀಟ್ ಮೀಟರಿನ ಮುಳ್ಳು ಜಿಗಿದರೆ, ದೋಷ ಇಂಜಿನ್ನಿನದಲ್ಲ, ಡ್ಯಾಶ್‌ಬೋರ್ಡಿನ ಅರ್ತಿನದು. ಡೀಸೆಲ್ ಮೀಟರಿನ ಮುಳ್ಳೂ ಜೊತೆಗೆ ಜಿಗಿದರೆ ಅನುಮಾನವೇ ಬೇಡ. ನೀರು ಎಂದೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಸಿಯಾಗುವುದಿಲ್ಲ.

ಈಗ ಹೊಸ ಲಾರಿ. ಇದರಲ್ಲಿ ಸೆನ್ಸರ್ ನೇರವಾಗಿ ಮೀಟರಿಗೆ ಹೋಗುವುದಿಲ್ಲ. ಇಂಜಿನ್ ಕಂಪ್ಯೂಟರ್ ಅದನ್ನು ಓದಿ ಡ್ಯಾಶ್‌ಬೋರ್ಡಿಗೆ ಸುದ್ದಿ ಕಳಿಸುತ್ತದೆ, ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂದು ತಂತ್ರಾಂಶ ತೀರ್ಮಾನಿಸುತ್ತದೆ. ಮುಳ್ಳು ಅಲುಗುತ್ತಲೇ ಇಲ್ಲವೆಂಬ ಅನುಮಾನದಿಂದ ನಾನು ಒಬಿಡಿ ಪೋರ್ಟಿಗೆ (ಇಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಹಾಕುವ ಬ್ಲೂಟೂತ್ ಸ್ಕ್ಯಾನರ್ ಕೊಂಡೆ. ಲಾರಿಗಳ ಸಂಕೇತ ಓದಬಲ್ಲದ್ದನ್ನೇ ಕೇಳಿ ತರಬೇಕು, ಕಾರಿಗೆಂದು ಮಾರುವ ಎಲ್ಲವೂ ಇದಕ್ಕೆ ಆಗುವುದಿಲ್ಲ. ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತುವಾಗ ಮೊಬೈಲನ್ನು ಕ್ಲೀನರ್ ಕೈಗೆ ಕೊಟ್ಟು, "ತಮ್ಮಾ, ಅಂಕಿ ಬದಲಾದ ಹಾಗೆಲ್ಲ ಗಟ್ಟಿಯಾಗಿ ಓದು" ಎಂದೆ. 84, 88, 91, 95, 98. ಹುಡುಗ ಓದುತ್ತಲೇ ಹೋದ. ಡ್ಯಾಶ್‌ಬೋರ್ಡಿನ ಮುಳ್ಳು ನಡುಗೆರೆಯಿಂದ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. "ಅಣ್ಣಾ, ಮೀಟರ್ ಕೆಟ್ಟಿದೆಯಾ?" ಎಂದು ಕೇಳಿದ.

ಕೆಟ್ಟಿರಲಿಲ್ಲ. ಇಂಜಿನ್ನಿಗೆ ಸಹಜವೆನಿಸುವ ಬಿಸಿಯ ಇಡೀ ವಲಯಕ್ಕೆ ಒಂದೇ ಜಾಗ ತೋರಿಸುವಂತೆ ಅದನ್ನು ಮಾಡಿಟ್ಟಿದ್ದಾರೆ. ಇಂದಿನ ಅನೇಕ ವಾಹನಗಳಲ್ಲಿ ಹೀಗೆಯೇ. ಮುಳ್ಳು ಸ್ವಲ್ಪ ಅಲುಗಿದರೂ ಜನ ಗಾಬರಿಯಾಗಿ ವರ್ಕ್‌ಶಾಪಿಗೆ ಬರುತ್ತಾರೆಂಬುದು ಅದರ ಹಿಂದಿನ ಯೋಚನೆ. ನನಗೆ ಇದು ಒಪ್ಪಿಗೆಯಿಲ್ಲ. ಪೂರ್ತಿ ಲೋಡಿನಲ್ಲಿ ಘಾಟಿ ಹತ್ತುವ ಮನುಷ್ಯನಿಗೆ 84 ಮತ್ತು 98ರ ನಡುವಿನ ವ್ಯತ್ಯಾಸ ತಿಳಿಯುವ ಹಕ್ಕಿದೆ. ಮುಂದೊಮ್ಮೆ ರೇಡಿಯೇಟರಿಗೂ ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ನಡುವೆ ದೂಳು, ಹುಲ್ಲು ಕಟ್ಟಿಕೊಂಡಿದ್ದಾಗ ಅಂಕಿ 105 ದಾಟಿತು, ಆಗ ಮುಳ್ಳು ನಡುಗೆರೆ ಬಿಟ್ಟಿತು. ಬಿಟ್ಟ ಮೇಲೆ ಕೆಂಪಿನ ಕಡೆಗೆ ಹೋದ ವೇಗ ನೋಡಬೇಕಿತ್ತು. ಅಂದರೆ ಈ ಮೀಟರ್ ಹೆಸರಿಗೆ ಮೀಟರ್, ಕೆಲಸಕ್ಕೆ ಎಚ್ಚರಿಕೆಯ ದೀಪ.

ಅದಕ್ಕಿಂತ ಮೊದಲು ಎಚ್ಚರಿಸುವುದು ಫ್ಯಾನಿನ ಸದ್ದು. ಬಿಸಿ ಏರಿದಾಗ ಫ್ಯಾನನ್ನು ಇಂಜಿನ್ನಿಗೆ ಜೋಡಿಸುವ ಫ್ಯಾನ್ ಕ್ಲಚ್ ಹಿಡಿದು ಮುಂದುಗಡೆ ಭೋರೆಂಬ ಶಬ್ದ ಏಳುತ್ತದೆ. ಯಾವ ತಿರುವಿನ ಹತ್ತಿರ ಆ ಶಬ್ದ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು ಅದೇ ದಾರಿಯಲ್ಲಿ ಓಡಾಡುವವರಿಗೆ ಕಿವಿಯಲ್ಲೇ ಕೂತಿರುತ್ತದೆ. ಅದೇ ಲೋಡಿಗೆ ಶಬ್ದ ಬೇಗ ಶುರುವಾಗಿ ನಿಲ್ಲದೇ ಹೋದರೆ ನಾನು ರೇಡಿಯೇಟರ್ ತೊಳೆಸುತ್ತೇನೆ.

ಎರಡೂ ಲಾರಿಗಳಿಗೆ ಸಮಾನವಾದ ಒಂದು ಕುರುಡು ಜಾಗವಿದೆ. ಇದನ್ನು ಪ್ರತಿಯೊಬ್ಬ ಡ್ರೈವರಿಗೂ ಕೂರಿಸಿ ಹೇಳುತ್ತೇನೆ. ಸೆನ್ಸರ್ ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು ಹೇಳುತ್ತದೆಯೇ ಹೊರತು ಇಂಜಿನ್ನಿನ ಬಿಸಿಯನ್ನಲ್ಲ. ಹೋಸ್ ಒಡೆದು ಕೂಲಂಟ್ (ಇಂಜಿನ್ ತಣಿಸುವ ದ್ರವ) ಸುರಿದುಹೋದರೆ ಸೆನ್ಸರ್ ಗಾಳಿಯಲ್ಲೋ ಹಬೆಯಲ್ಲೋ ನಿಂತಿರುತ್ತದೆ, ಮುಳ್ಳು ಕೆಳಗಿಳಿಯುವುದೂ ಉಂಟು. ಹಳೆಯ ಲಾರಿಯಲ್ಲಿ ಕೆಳಗಿನ ಹೋಸಿನ ಕ್ಲಿಪ್ ಸಡಿಲಾದಾಗ ಹೀಗೆಯೇ ಆಯಿತು. ಏರಿನಲ್ಲಿ, ಎರಡನೇ ಗೇರಿನಲ್ಲಿ, ಮುಳ್ಳು 90ರ ಗೆರೆಯಿಂದ ಕೆಳಗೆ ಬರತೊಡಗಿತು. ಏರು ಮುಗಿದಿಲ್ಲ, ಲೋಡು ಇಳಿದಿಲ್ಲ, ಮಳೆ ಬಂದಿಲ್ಲ. ತಣ್ಣಗಾಗಲು ಕಾರಣವೇ ಇಲ್ಲ. ತಕ್ಷಣ ಬದಿಗೆ ಹಾಕಿ ಇಂಜಿನ್ ಆರಿಸಿದೆ. ಕೆಳಗೆ ರಸ್ತೆಯುದ್ದಕ್ಕೂ ಹಸಿರು ನೀರಿನ ಗೆರೆ. ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಉಳಿಯಿತು. ಅದಾದ ಮೇಲೆ ಎರಡು ಗಾಡಿಗಳಲ್ಲಿಯೂ ಕೂಲಂಟ್ ಮಟ್ಟ ಇಳಿದರೆ ಬಜರ್ ಕೂಗುತ್ತದೆ. ಹಳೆಯದಕ್ಕೆ ಫ್ಲೋಟ್ ಸ್ವಿಚ್ ಹಾಕಿಸಿದೆ, ಹೊಸದರಲ್ಲಿ ಮೊದಲೇ ಇತ್ತು, ಅದು ಕೆಲಸ ಮಾಡುತ್ತಿದೆಯೇ ಎಂದು ಪ್ಲಗ್ ತೆಗೆದು ನೋಡಿಕೊಳ್ಳುತ್ತೇನೆ. ಲಾರಿಗೆ ಹೀಟ್ ಮೀಟರಿಗಿಂತ ಇದು ಮುಖ್ಯವೆಂದು ನನ್ನ ಅಭಿಪ್ರಾಯ.

ಮುಳ್ಳು ಹೇಳದ ಇನ್ನೊಂದು ಸಂಗತಿ ಒತ್ತಡ. ನೀರಿನ ಜೊತೆ ಸಮನಾಗಿ ಬೆರೆಸಿದ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107ಕ್ಕೆ ಕುದಿಯುತ್ತದೆ. ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ 120 ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹೋಗಿದ್ದು, ಒಳಗೆ ಬರೀ ನೀರು ತುಂಬಿದ್ದರೆ ಘಾಟಿಯ ಮೇಲೆ 97ಕ್ಕೇ ಉಕ್ಕುತ್ತದೆ. ಇಂಥ ಎರಡು ಗಾಡಿಗಳಲ್ಲಿ ಮುಳ್ಳು ಒಂದೇ ಕಡೆ ಇರಬಹುದು, ಒಂದು ನೆಮ್ಮದಿಯಾಗಿ ಹತ್ತುತ್ತದೆ, ಇನ್ನೊಂದು ಹಬೆ ಎಬ್ಬಿಸಿಕೊಂಡು ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕುವವರಿಗೆ ಮತ್ತೊಂದು ತೊಂದರೆ: ಸೆನ್ಸರಿನ ತುದಿಗೆ ಸುಣ್ಣದ ಪದರ ಕಟ್ಟಿ ಮುಳ್ಳು ತಡವಾಗಿ ಏರುತ್ತದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸದ ಬಗ್ಗೆ ಒಂದು ಮಾತು. ಮುಳ್ಳು ಕೆಳಗಿರುತ್ತದೆ ಎಂಬ ಒಂದೇ ಸಂತೋಷಕ್ಕೆ ಇದನ್ನು ಮಾಡುತ್ತಾರೆ. ಡೀಸೆಲ್ ಇಂಜಿನ್ ಕಾಯದೆ ಓಡಿದರೆ ಸವೆತ ಹೆಚ್ಚು, ಡೀಸೆಲ್ ಖರ್ಚು ಹೆಚ್ಚು. ಬಿಎಸ್6ರಲ್ಲಿ ಹೊಗೆಯ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳುವ ಕೆಲಸವೂ ಕೆಡುತ್ತದೆ. ಮೀಟರಿನ ಸಮಾಧಾನಕ್ಕಾಗಿ ಇಂಜಿನ್ನನ್ನು ಕೆಡಿಸಬೇಡಿ.

ಇನ್‌ಫ್ರಾರೆಡ್ ಗನ್ ಕೂಡ ನನ್ನ ಬಳಿ ಇದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇದ್ದುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಕೂರುವ ಲೋಹದ ಗೂಡಿನ ಮೇಲೆ ಕಪ್ಪು ಬಣ್ಣದ ಒಂದು ಚುಕ್ಕೆ ಬಳಿದು, ಯಾವಾಗಲೂ ಅದಕ್ಕೇ ಹಿಡಿದರೆ ಹೋಲಿಸಲು ಉಪಯೋಗಕ್ಕೆ ಬರುತ್ತದೆ.

ಹೊಸ ಲಾರಿಯಲ್ಲಿ ಈಗ ಮೊಬೈಲ್ ಇಲ್ಲ, ಒಬಿಡಿಯಿಂದ ಅಂಕಿ ತೋರಿಸುವ ಪುಟ್ಟ ಡಿಸ್‌ಪ್ಲೇ ಸ್ಟಿಯರಿಂಗಿನ ಪಕ್ಕದಲ್ಲಿ ಕೂತಿದೆ. ಆ ಗಾಡಿಯ ಡ್ರೈವರಿಗೆ ನಾನು ಬರೆದುಕೊಟ್ಟಿರುವುದು ಇಷ್ಟು: 98 ದಾಟಿದರೆ ಒಂದು ಗೇರು ಇಳಿಸಬೇಕು, ಎಕ್ಸಲರೇಟರ್ ಸಡಿಲಿಸಬೇಕು. ಪಂಪೂ ಫ್ಯಾನೂ ಜೋರಾಗಿ ತಿರುಗಿ, ಇಂಜಿನ್ನಿನ ಹೊರೆ ಇಳಿಯುತ್ತದೆ. 103 ಆದರೆ ಅಗಲವಾದ ಜಾಗ ನೋಡಿ ನಿಲ್ಲಿಸಬೇಕು, ಕೂಲಂಟ್ ಮಟ್ಟ ಸರಿಯಿದ್ದರೆ ಇಂಜಿನ್ ಆರಿಸದೆ, ಐಡ್ಲಿಂಗಿಗಿಂತ ತುಸು ಮೇಲಿಟ್ಟು ಓಡಲು ಬಿಡಬೇಕು. ಬಜರ್ ಕೂಗಿದರೆ ಅಥವಾ ಏರಿನಲ್ಲಿ ಅಂಕಿ ಕಾರಣವಿಲ್ಲದೆ ಇಳಿದರೆ ತಕ್ಷಣ ಆರಿಸಬೇಕು. ಎಂಥ ಅವಸರವಿದ್ದರೂ ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಲೋಡು ತಡವಾದರೆ ಪಾರ್ಟಿಗೆ ಫೋನ್ ಮಾಡಿ ಉತ್ತರ ಹೇಳುವುದು ನನ್ನ ಕೆಲಸ.