ಮಕ್ಕಳ ಗುರಿ ಅಭ್ಯಾಸಕ್ಕೆ ಸದ್ದು ಕಡಿಮೆಯ ತೋಟಾ ಹುಡುಕಿದ ನನ್ನ ಅನುಭವ

ಮಕ್ಕಳಿಗೆ ಕೋವಿ ಕಲಿಸುವಾಗ ನನಗೆ ಹೆಚ್ಚು ಕಾಟ ಕೊಟ್ಟಿದ್ದು ಸದ್ದು. ಸಣ್ಣ ಗುಂಡಿನ .22 ಕೋವಿಗೆ ಒದೆತ ಅನ್ನುವಂಥದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಈಡು ಹಾರುವ ಮೊದಲೇ ಮಗು ಕಣ್ಣು ಮುಚ್ಚುತ್ತದೆ, ಹೆಗಲು ಎತ್ತುತ್ತದೆ, ಟ್ರಿಗರನ್ನು ಮೆಲ್ಲಗೆ ಎಳೆಯದೆ ಜಗ್ಗಿಬಿಡುತ್ತದೆ. ಇದೆಲ್ಲ ಸದ್ದಿನ ಹೆದರಿಕೆಯಿಂದ. ಈ ಬೆಚ್ಚುವ ಚಾಳಿ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಅದು ಅಂಟದ ಹಾಗೆ ಮೊದಲಿನಿಂದಲೇ ನೋಡಿಕೊಳ್ಳಬೇಕು ಅಂತ ತೋಟಾದ ವಿಷಯದಲ್ಲಿ ತಲೆ ಕೆಡಿಸಿಕೊಂಡೆ.

ನಾನು ಕೊಡಗಿನವನು. ಈಗ ಟೆಕ್ಸಸ್‌ನಲ್ಲಿ, ಆಸ್ಟಿನ್‌ನಿಂದ ಪಶ್ಚಿಮಕ್ಕೆ ಹಿಲ್ ಕಂಟ್ರಿ ಅನ್ನುವ ಕಡೆ ನಮ್ಮ ಮನೆ. ಊರ ಗಡಿಯಿಂದ ಆಚೆ, 12 ಎಕರೆ ಜಾಗ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಎಂಟು.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿರುವ ನಮ್ಮ ಜನ ಇದನ್ನು ತಿಳಿದಿರಲೇಬೇಕು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಮಾತ್ರವಲ್ಲ, ಒಂದೇ ಒಂದು ತೋಟಾ ಇಟ್ಟುಕೊಂಡರೂ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಾನು ಕೋವಿ ತಂದಿದ್ದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೇ. ಇನ್ನು ಟೆಕ್ಸಸ್‌ನಲ್ಲಿ, ಬಡಾವಣೆಗಳಲ್ಲಿ 10 ಎಕರೆ ಅಥವಾ ಅದಕ್ಕಿಂತ ಚಿಕ್ಕ ನಿವೇಶನ ಆದರೆ ಗುಂಡು ಹಾರಿಸುವುದನ್ನು ಕೌಂಟಿಯವರು ನಿಷೇಧಿಸಬಹುದು. ಹಾಗಾಗಿ ಜಾಗ ಕೊಳ್ಳುವ ಮೊದಲೇ ಕೌಂಟಿ ಕಚೇರಿಗೆ ಹೋಗಿ ಕೇಳಿಕೊಂಡು ಬಂದಿದ್ದೆ. ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು ಮನೆ ಹಿತ್ತಲಲ್ಲಿ ಇದನ್ನು ಮಾಡುವ ಹಾಗಿಲ್ಲ. ಮಕ್ಕಳಿಗೆ ಆಸಕ್ತಿ ಇದ್ದರೆ ರೈಫಲ್ ಕ್ಲಬ್ಬಿಗೆ ಸೇರಿಸಿ, ಏರ್ ರೈಫಲ್‌ನಿಂದ ಶುರು ಮಾಡಿಸಿ.

ಈಗ ಸದ್ದಿನ ಲೆಕ್ಕ. ಕೋವಿಯ ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ತೋಟಾ ಆರಿಸುವುದು ಅರ್ಧ ಮುಗಿದ ಹಾಗೆ. ಒಂದು, ನಳಿಗೆಯ ತುದಿಯಿಂದ ಮದ್ದಿನ ಗಾಳಿ ನುಗ್ಗಿ ಬರುವ ಸದ್ದು. ಇನ್ನೊಂದು, ಗುಂಡು ಶಬ್ದದ ವೇಗವನ್ನು ಮೀರಿ ಹೋದರೆ ಗಾಳಿಯಲ್ಲಿ ಏಳುವ ಚಟಾರ್ ಅನ್ನುವ ಸದ್ದು. ಇದು ಗುಂಡಿನ ಜೊತೆಗೇ ಸಾಗುತ್ತದೆ, ಹಾಗಾಗಿ ಪಕ್ಕದ ಮನೆಯವರಿಗೂ ಚೆನ್ನಾಗಿ ಕೇಳುತ್ತದೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 1,125 ಅಡಿ. ಚಳಿ ಹೆಚ್ಚಾದ ಹಾಗೆ ಇದು ಇಳಿಯುತ್ತದೆ, ಸೊನ್ನೆ ಡಿಗ್ರಿಯಲ್ಲಿ ಸುಮಾರು 1,087 ಅಡಿ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹೈ ವೆಲಾಸಿಟಿ .22 ತೋಟಾಗಳು ಈ ಗೆರೆಯನ್ನು ದಾಟಿದವು. ಸಿಸಿಐ ಕಂಪನಿಯ ಮಿನಿ-ಮ್ಯಾಗ್ 40 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡನ್ನು ಸೆಕೆಂಡಿಗೆ 1,235 ಅಡಿ ವೇಗದಲ್ಲಿ ಕಳಿಸುತ್ತದೆ. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ 1,070 ಅಡಿ, ಅಂದರೆ ಶಬ್ದಕ್ಕಿಂತ ಸ್ವಲ್ಪ ಹಿಂದೆ. ಆ ಚಟಾರ್ ಸದ್ದು ಹೋಗುತ್ತದೆ, ಮದ್ದಿನ ಸದ್ದು ಉಳಿಯುತ್ತದೆ. ಮಗಳಿಗೆ ಇಷ್ಟು ಸಾಕಾಗಿತ್ತು. ಮಗನಿಗೆ ಇದೂ ಜಾಸ್ತಿ.

ಅವನಿಗಾಗಿ ಹುಡುಕಿದಾಗ ಮುಂದೆ ಬಂದಿದ್ದು ಎರಡು ದಾರಿ. ಒಂದು, ಮದ್ದೇ ಇಲ್ಲದ ತೋಟಾ. ಮೆಕ್ಸಿಕೋದ ಆಗಿಲಾ ಕಂಪನಿಯ ಕೊಲಿಬ್ರಿ ಅಂಥದ್ದು. ಮದ್ದಿಗೆ ಕಿಡಿ ಹತ್ತಿಸುವ ಕೇಪಿನ ಶಕ್ತಿಯೊಂದರಿಂದಲೇ 20 ಗ್ರೇನ್‌ನ ಪುಟ್ಟ ಗುಂಡು ಹೊರಡುತ್ತದೆ. ಕೇಪಿನ ಕೋವಿ ನೋಡಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ, ಬರೀ ಕೇಪು ಸಿಡಿದ ಹಾಗೆ ಟಪ್ ಅನ್ನುತ್ತದೆ ಅಷ್ಟೆ. ಕೇಳಲು ಬಹಳ ಹಿತ. ಆದರೆ ರೈಫಲ್‌ನಲ್ಲಿ ಇದನ್ನು ಬಳಸಬೇಡಿ ಅಂತ ಕಂಪನಿಯೇ ಎಚ್ಚರಿಸುತ್ತದೆ. ಉದ್ದದ ನಳಿಗೆಯಲ್ಲಿ ತಿಕ್ಕಾಟಕ್ಕೆ ಗುಂಡು ನಿಧಾನವಾಗಿ ಒಳಗೇ ನಿಂತುಬಿಡಬಹುದು. ಅದರ ಹಿಂದೆ ಇನ್ನೊಂದು ತೋಟಾ ಹಾರಿಸಿದರೆ ನಳಿಗೆಯೇ ಉಬ್ಬಬಹುದು, ಒಡೆಯಲೂಬಹುದು. ಸೂಪರ್ ಕೊಲಿಬ್ರಿ ಅಂತ ಸ್ವಲ್ಪ ಬಿರುಸಾದದ್ದು ಇದೆ. ಆದರೂ ಮಗುವಿನ ಕೈಗೆ ಕೊಡುವ ಕೋವಿಯಲ್ಲಿ, ಗುಂಡು ಹೊರಗೆ ಹೋಯಿತೋ ಇಲ್ಲವೋ ಅನ್ನುವ ಅನುಮಾನ ಚೂರೂ ಇರಬಾರದು ಅನ್ನಿಸಿತು. ಕೊಲಿಬ್ರಿ ಡಬ್ಬಿಯನ್ನು ಮನೆಗೇ ತರಲಿಲ್ಲ. ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಬೇರೆಯದರ ಜೊತೆ ಬೆರೆಯುತ್ತದೆ.

ಇನ್ನೊಂದು ದಾರಿ, ಮಾಮೂಲಿ ತೂಕದ ಗುಂಡಿಗೆ ಮದ್ದು ಕಡಿಮೆ ಹಾಕಿದ್ದು. ಸಿಸಿಐ ಕ್ವಾಯೆಟ್-22 ಅದೇ. 40 ಗ್ರೇನ್ ಗುಂಡು, 710 ಅಡಿ ವೇಗ. ಹಾರಿಸುವವರ ಕಿವಿಯ ಹತ್ತಿರ 68 ಡೆಸಿಬೆಲ್ ಅಂತ ಕಂಪನಿ ಹೇಳಿಕೊಳ್ಳುತ್ತದೆ. ನನ್ನ ಕೈಯಲ್ಲಿ ಅಳತೆಯ ಯಂತ್ರ ಇಲ್ಲ. ಆದರೆ ಕೇಳಿದ್ದನ್ನು ಹೇಳಬಲ್ಲೆ. ಕೋವಿಯ ಪಿನ್ನು ಟಕ್ ಅಂತ ಬಡಿಯುವುದು, ಆಮೇಲೆ ಗುಂಡು ರಟ್ಟಿಗೆ ಪಟ್ ಅಂತ ತಾಗುವುದು, ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಮಗ ಮೊದಲ ಈಡು ಹಾರಿಸಿ ತಲೆ ಎತ್ತಿ, "ಅಪ್ಪ, ಹೋಯ್ತಾ?" ಅಂತ ಕೇಳಿದ. ಕಣ್ಣು ತೆರೆದೇ ಇತ್ತು. ನನಗೆ ಬೇಕಾಗಿದ್ದು ಅದೇ.

ಮೂರನೆಯದೊಂದನ್ನೂ ನೋಡಿದೆ, 60 ಗ್ರೇನ್‌ನ ಭಾರದ ಗುಂಡು ಇರುವ ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) ತೋಟಾ. ನಮ್ಮ ನಳಿಗೆಗೆ ಅದು ಹೊಂದಲಿಲ್ಲ. ಸಾಮಾನ್ಯ .22 ನಳಿಗೆಯ ಒಳಗಿನ ಸುರುಳಿ 16 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಅಷ್ಟು ಉದ್ದದ ಗುಂಡನ್ನು ನೆಟ್ಟಗೆ ತಿರುಗಿಸಲು ಅದು ಸಾಲದು. ಕಾಗದದಲ್ಲಿ ದುಂಡನೆ ತೂತು ಬರಲಿಲ್ಲ, ಗುಂಡು ಮಗುಚಿ ಪಕ್ಕೆಯಿಂದ ಹೊಕ್ಕ ಉದ್ದುದ್ದ ಸೀಳು ಬಂತು. ಹಾಗೆ ಮಗುಚುವ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಮಕ್ಕಳ ಹತ್ತಿರಕ್ಕೂ ಅದನ್ನು ಬಿಡಲಿಲ್ಲ.

ಕ್ವಾಯೆಟ್-22 ಆರಿಸಿದ ಮೇಲೆ ಕೋವಿಯನ್ನೂ ಅದಕ್ಕೆ ಹೊಂದಿಸಬೇಕಾಯಿತು. ಈ ತೋಟಾದ ಶಕ್ತಿ ಸೆಮಿ-ಆಟೋ ಕೋವಿಯ ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಮುಚ್ಚಿಕೊಳ್ಳುವ ಭಾಗವನ್ನು, ಹಿಂದಕ್ಕೆ ತಳ್ಳಲು ಸಾಲದು. ಅದಕ್ಕೆಂದೇ 45 ಗ್ರೇನ್, 835 ಅಡಿಯ ಬೇರೆ ಮಾದರಿ ಬರುತ್ತದೆ. ಆದರೆ ಕಲಿಯುವ ಮಗುವಿಗೆ ಸೆಮಿ-ಆಟೋ ಯಾಕೆ? ಒಂದು ಈಡು ಹಾರಿದ ಕೂಡಲೇ ಇನ್ನೊಂದು ತೋಟಾ ತಾನಾಗಿ ಕೂತುಕೊಳ್ಳುವುದು ನನಗೆ ಬೇಡ. ಮಗನಿಗೆ ಸ್ಯಾವೇಜ್ ರಾಸ್ಕಲ್ ತಂದೆ. ಒಂಟಿ ತೋಟಾದ್ದು, ನಳಿಗೆ 16 ಇಂಚಿನ ಆಸುಪಾಸು, ತೂಕ ಮೂರು ಪೌಂಡಿಗಿಂತ ಕಡಿಮೆ. ಬೋಲ್ಟ್ ಎತ್ತಬೇಕು, ತೋಟಾ ಕೈಯಾರೆ ಇಡಬೇಕು, ಮುಚ್ಚಬೇಕು. ಈ ನಿಧಾನವೇ ಪಾಠ. ಮಗಳ ಬೋಲ್ಟ್ ರೈಫಲ್‌ಗೆ ನಳಿಗೆ ಉದ್ದ. ಹೊರಬರುವ ಗಾಳಿಯ ಒತ್ತಡ ಅಷ್ಟರಲ್ಲಿ ಇಳಿದಿರುತ್ತದೆ, ನಳಿಗೆಯ ಬಾಯಿ ಕಿವಿಯಿಂದ ದೂರವೂ ಇರುತ್ತದೆ. ಅದೇ ತೋಟಾ ಅದರಲ್ಲಿ ಇನ್ನೂ ಮೆತ್ತಗೆ ಕೇಳುತ್ತದೆ.

ವೇಗ ಕಡಿಮೆ ಆದರೆ ಗುಂಡು ಹೆಚ್ಚು ಇಳಿಯುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿಗೆ ಹೊಂದಿಸಿದ ಗುರಿಯಲ್ಲೇ ಕ್ವಾಯೆಟ್-22 ಹಾರಿಸಿದರೆ 25 ಗಜದಲ್ಲಿ ಇಂಚಿಗಿಂತ ಸ್ವಲ್ಪ ಜಾಸ್ತಿ, 50 ಗಜದಲ್ಲಿ ಸುಮಾರು ಐದು ಇಂಚು ಕೆಳಗೆ ಬೀಳುತ್ತದೆ. ಮಗುವಿಗೆ "ಮೇಲೆ ಹಿಡಿ" ಅಂತ ಹೇಳಿಕೊಡುವುದು ಸರಿಯಲ್ಲ. ಎಲ್ಲಿ ನೋಡುತ್ತಾನೋ ಅಲ್ಲೇ ತೂತು ಬೀಳಬೇಕು. ಅದಕ್ಕೇ ಮಗನ ಕೋವಿಯನ್ನು 15 ಗಜಕ್ಕೆ, ಕ್ವಾಯೆಟ್-22 ತೋಟಾಕ್ಕೇ ಗುರಿ ಹೊಂದಿಸಿ ಇಟ್ಟಿದ್ದೇನೆ. ಅದಕ್ಕೆ ಬೇರೆ ತೋಟಾ ಹಾಕುವುದೇ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸದ್ದು ಸಣ್ಣದು ಅಂತ ಗುಂಡು ಸಣ್ಣದಾಗುವುದಿಲ್ಲ. ಕ್ವಾಯೆಟ್-22 ಗುಂಡಿನ ಶಕ್ತಿ ಸುಮಾರು 60 ಜೂಲ್. ಒಲಿಂಪಿಕ್‌ನಲ್ಲಿ ಬಳಸುವ ಏರ್ ರೈಫಲ್‌ನದು ಏಳೂವರೆ ಜೂಲ್‌ನ ಆಸುಪಾಸು. ಅಂದರೆ ಎಂಟು ಪಟ್ಟು. .22 ತೋಟಾದ ಡಬ್ಬಿಯ ಮೇಲೆ ಗುಂಡು ಒಂದೂವರೆ ಮೈಲಿ ಹೋಗಬಹುದು ಅಂತ ಎಚ್ಚರಿಕೆ ಇರುತ್ತದೆ. ಸದ್ದಿಲ್ಲದ ತೋಟಾ ದೊಡ್ಡವರನ್ನೇ ಮೈಮರೆಸುತ್ತದೆ. ಆಟಿಕೆಯ ಹಾಗೆ ಕೇಳುವುದರಿಂದ ಆಟಿಕೆ ಅಂತಲೇ ಕೈ ಚಾಚುತ್ತೇವೆ. ನಮ್ಮ ಮನೆಯಲ್ಲಿ ಕೋವಿಗೆ ಬೀಗ, ತೋಟಾಕ್ಕೆ ಬೇರೆ ಬೀಗ, ಕೀಲಿ ನನ್ನ ಮತ್ತು ನನ್ನ ಹೆಂಡತಿಯ ಹತ್ತಿರ ಮಾತ್ರ. 17 ವರ್ಷದ ಒಳಗಿನವರ ಕೈಗೆ ತೋಟಾ ತುಂಬಿದ ಕೋವಿ ಸಿಗುವ ಹಾಗೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ ಕೂಡ. ದೊಡ್ಡವರು ಜೊತೆಗಿದ್ದು ಅಭ್ಯಾಸ ಮಾಡಿಸುವುದಕ್ಕೆ ಅಡ್ಡಿ ಇಲ್ಲ.

ನಿಧಾನದ ಗುಂಡಿಗೆ ಇನ್ನೊಂದು ಗುಣ ಇದೆ, ಪುಟಿಯುವುದು. ವೇಗದ ಗುಂಡು ಗಟ್ಟಿ ವಸ್ತುವಿಗೆ ತಾಗಿ ಚೂರಾಗುತ್ತದೆ. ನಿಧಾನದ ಸೀಸದ ಗುಂಡು ಇಡಿಯಾಗಿ ಉಳಿದು ಪಕ್ಕಕ್ಕೋ ಹಿಂದಕ್ಕೋ ಚಿಮ್ಮಬಹುದು. ಹಿಲ್ ಕಂಟ್ರಿಯ ನೆಲ ಪೂರ್ತಿ ಸುಣ್ಣಕಲ್ಲು. ಜಾಗದಲ್ಲಿ ಸಹಜವಾದ ಗುಡ್ಡ ಇದ್ದರೂ ನಾನು ಅದಕ್ಕೆ ಗುರಿ ಇಡಲಿಲ್ಲ, ಗುಡ್ಡದ ಮೈ ಎಲ್ಲ ಕಲ್ಲೇ. ರೈಲ್ವೆ ಮರದ ದಿಮ್ಮಿ ಜೋಡಿಸಿ ಅಂತ ಪರಿಚಯದವರು ಹೇಳಿದರು. ಗಟ್ಟಿ ಮರದಿಂದಲೂ ಇಂಥ ಗುಂಡು ವಾಪಸ್ ಬರುತ್ತದೆ. ಕೊನೆಗೆ ಹೊರಗಿನಿಂದ ಮಣ್ಣು ತರಿಸಿ, ಕಲ್ಲು ಹೆಕ್ಕಿಸಿ, ಆ ಗುಡ್ಡದ ಮುಂದೆಯೇ ಆಳೆತ್ತರ ಮೀರಿದ ಒಡ್ಡು ಹಾಕಿಸಿದೆ. ಮಳೆ ಬಂದರೆ ಮಣ್ಣು ಜಾರಿ ಕಲ್ಲು ಹೊರಗೆ ಬರುತ್ತದೆ. ಪ್ರತಿ ಸಲ ಗುರಿ ಇಡುವ ಮೊದಲು ಕುಂಟೆ ಹಿಡಿದು ಒಡ್ಡಿನ ಮುಖ ಕೆರೆದು ನೋಡುವುದು ಮಕ್ಕಳ ಕೆಲಸ. ಇದನ್ನು ಅವರು ಚೆನ್ನಾಗಿ ಮಾಡುತ್ತಾರೆ. ಮಗನ ಕಣ್ಣಿಗೆ ಬೀಳದ ಕಲ್ಲು ಇಲ್ಲ. ಕಬ್ಬಿಣದ ಗುರಿಗಳನ್ನು ನಾವು ಇಡುವುದಿಲ್ಲ. ಕಾಗದ, ರಟ್ಟು, ಕೆಲವೊಮ್ಮೆ ಮೊಳಕೆ ಬಂದ ಆಲೂಗಡ್ಡೆ.

ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮಾತ್ರ ತೆಂಗಿನಕಾಯಿ. ಊರಲ್ಲಿ ಕಾಯಿಯನ್ನು ಎತ್ತರದ ಮರಕ್ಕೆ ಕಟ್ಟಿ ಈಡು ಹೊಡೆಯುವುದನ್ನು ಮಕ್ಕಳು ರಜೆಗೆ ಹೋದಾಗ ನೋಡಿದ್ದಾರೆ, ಇಲ್ಲೂ ಹಾಗೇ ಮಾಡೋಣ ಅಂತ ಹಟ. ಆಕಾಶದ ಕಡೆ ರೈಫಲ್ ತಿರುಗಿಸಿದರೆ ಗುಂಡು ಯಾರ ಅಂಗಳಕ್ಕೆ ಇಳಿಯುತ್ತದೋ! ನಮ್ಮಲ್ಲಿ ಕಾಯಿ ಒಡ್ಡಿನ ಬುಡದಲ್ಲಿ, ಅರ್ಧ ಮಣ್ಣಿನೊಳಗೆ. ಚಿಪ್ಪು ದುಂಡು ಮತ್ತು ಗಟ್ಟಿ, ನಿಧಾನದ ಗುಂಡು ಜಾರಬಹುದು. ಅದಕ್ಕೆ ಆ ದಿನ ಮಗಳು ಮಾತ್ರ, ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಹಾಕಿ, 25 ಗಜದಿಂದ ಹೊಡೆಯುತ್ತಾಳೆ.

ಸದ್ದು ಕಡಿಮೆ ಅಂತ ಕಿವಿಗೆ ಏನೂ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿಡಿತದ ಸದ್ದಿಗೆ ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬೆಲ್ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾಮೂಲಿ .22 ಈಡು ನಳಿಗೆಯ ಬಾಯಲ್ಲಿ 140ರ ಹತ್ತಿರ ಹೋಗುತ್ತದೆ. ಮಕ್ಕಳಿಬ್ಬರೂ ಸರದಿಯಲ್ಲಿ ಬೇರೆಬೇರೆ ತೋಟಾ ಹಾರಿಸುವಾಗ ಒಬ್ಬರು ಕಿವಿ ಮುಚ್ಚಿ ಇನ್ನೊಬ್ಬರು ತೆರೆದುಕೊಂಡಿರುವುದು ಆಗದ ಮಾತು. ಎಲ್ಲರಿಗೂ ಇಯರ್‌ಮಫ್, ಎಲ್ಲರಿಗೂ ಕನ್ನಡಕ. ಮಾತು ಕೇಳಿಸಿ ಸಿಡಿತವನ್ನಷ್ಟೇ ತಡೆಯುವ ಎಲೆಕ್ಟ್ರಾನಿಕ್ ಇಯರ್‌ಮಫ್‌ಗೆ ದುಡ್ಡು ಹಾಕಿದ್ದು ಒಳ್ಳೆಯದೇ ಆಯಿತು. "ನಿಲ್ಲಿಸು" ಅಂದಾಗ ಮಗುವಿಗೆ ಕೇಳಿಸಬೇಕಲ್ವಾ?

ಟ್ರಿಗರ್ ಎಳೆದ ಮೇಲೆ ರಟ್ಟಿನ ಪಟ್ ಸದ್ದು ಬರದಿದ್ದರೆ, ಕಾಗದದಲ್ಲಿ ಹೊಸ ತೂತು ಕಾಣದಿದ್ದರೆ, ಅಲ್ಲಿಗೆ ನಿಲ್ಲಿಸುತ್ತೇವೆ. ನಳಿಗೆ ಒಡ್ಡಿನ ಕಡೆಗೇ ಇಟ್ಟು ಅರ್ಧ ನಿಮಿಷ ಸುಮ್ನೆ ಕಾಯಬೇಕು, ಕೇಪು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ನಾನೇ ಬೋಲ್ಟ್ ತೆಗೆದು, ತೋಟಾ ಹೊರಗೆ ಬಂತು ಅಂತ ನೋಡಿ, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದಾ ಅಂತ ನೋಡುತ್ತೇನೆ. ಬೆಳಕು ಕಂಡರೆ ಮಾತ್ರ ಮುಂದಿನ ತೋಟಾ.

ಮಕ್ಕಳ ವಿಷಯದಲ್ಲಿ ಸದ್ದಿಗಿಂತ ಜಾಸ್ತಿ ಯೋಚಿಸಬೇಕಾದ್ದು ಸೀಸ. ಕ್ವಾಯೆಟ್-22ರಂಥ ತೋಟಾಗಳ ಗುಂಡಿಗೆ ತಾಮ್ರದ ಲೇಪ ಇಲ್ಲ, ಬರೀ ಸೀಸದ ಮೇಲೆ ಮೇಣ. ಒಂದೊಂದೇ ತೋಟಾ ಬೆರಳಲ್ಲಿ ಹಿಡಿದು ಇಡುವಾಗ ಬೆರಳ ತುದಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೇಪಿನ ಮದ್ದಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಹಾಗಾಗಿ ಗುರಿ ಇಡುವ ಜಾಗದಲ್ಲಿ ತಿಂಡಿ ಇಲ್ಲ, ನೀರಿನ ಬಾಟಲಿ ಸಹ ದೂರ. ಖಾಲಿ ತೋಟಾ ಹೆಕ್ಕುವುದು ನಾನು, ಕೈಗವಸು ಹಾಕಿಕೊಂಡು. ಮುಗಿದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ಕೈ, ಮುಖ ತೊಳೆಯಬೇಕು. ಶೂ ಗ್ಯಾರೇಜಿನಲ್ಲೇ ಬಿಡಬೇಕು, ಅಂಗಿ ಬೇರೆ ಬುಟ್ಟಿಗೆ. ವರ್ಷದ ತಪಾಸಣೆಯಲ್ಲಿ ಮಕ್ಕಳ ಡಾಕ್ಟರಿಗೆ ಹೇಳಿ ಸೀಸದ ರಕ್ತ ಪರೀಕ್ಷೆಯನ್ನೂ ಸೇರಿಸಿಕೊಂಡಿದ್ದೇವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಇದಕ್ಕೆ ಇಟ್ಟ ಗಡಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಆ ಗಡಿಯ ಹತ್ತಿರ ಬಂದರೂ ಸಾಕು, ಕೋವಿ ಬೀಗದೊಳಗೇ ಇರುತ್ತದೆ ಅಂತ ನಾನೂ ನನ್ನ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೇವೆ. ಅದು ಮಕ್ಕಳಿಗೂ ಗೊತ್ತು.