ಬೇಕಾದ ಡಿಸ್ಕುಗಳ ಪಟ್ಟಿಯನ್ನು ನಾನು ಬರೆದಿಡುವ ರೀತಿ

ಹಳೆಯ ಸಿನಿಮಾಗಳ ಡಿವಿಡಿ, ಬ್ಲೂರೇ ಡಿಸ್ಕುಗಳನ್ನು ಕೂಡಿಡುವವನು ನಾನು. ಇನ್ನೂ ಬೇಕಾದವುಗಳ ನನ್ನ ಪಟ್ಟಿಯಲ್ಲಿ ಸಿನಿಮಾದ ಹೆಸರು ಬರುವುದು ಎರಡನೆಯ ಕಾಲಮ್ಮಿನಲ್ಲಿ. ಮೊದಲ ಕಾಲಮ್ಮಿನಲ್ಲಿ ಅದರ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್, ಎಲ್ಲಿದೆ ಎಂದು ಬರೆಯುತ್ತೇನೆ. ಮೂರನೆಯದರಲ್ಲಿ ಯಾರು, ಯಾವ ವರ್ಷ ಅದನ್ನು ರಿಸ್ಟೋರ್ ಮಾಡಿದರು, ಅಂದರೆ ಕೆಟ್ಟದ್ದನ್ನು ಸರಿಪಡಿಸಿದರು ಎಂಬುದು. ಆಮೇಲೆ ಎಷ್ಟು ನಿಮಿಷ, ಯಾವ ಕಂಪನಿಯ ಡಿಸ್ಕ್, ಯಾವ ರೀಜನ್. ಬೆಲೆ ಎಲ್ಲಕ್ಕಿಂತ ಕೊನೆಗೆ. ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತೇನೆ. ಯಾಕಂದರೆ ಇವೆಲ್ಲ ಬದಲಾಗುತ್ತಲೇ ಇರುತ್ತವೆ.

ಸುಮ್ನೆ "ಸೆವೆನ್ ಸಮುರಾಯ್ ಬೇಕು" ಅಂತ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಯಾವ ಸೆವೆನ್ ಸಮುರಾಯ್? ಜಪಾನಿನ ನಿರ್ದೇಶಕ ಕುರೊಸಾವಾ 1954ರಲ್ಲಿ ಮಾಡಿದ್ದು 207 ನಿಮಿಷದ ಸಿನಿಮಾ. ಹೊರದೇಶಗಳಿಗೆ ಕಳಿಸುವಾಗ ಅದನ್ನು ಕತ್ತರಿಸಿದ್ದರು. ಎಷ್ಟೋ ಜನ ಬಹಳ ವರ್ಷ ಆ ಕತ್ತರಿಸಿದ ಸಿನಿಮಾವನ್ನೇ ನೋಡಿದರು. ಹಳೆಯ ಸಿನಿಮಾ ಅಂದರೆ ಹೀಗೇ. ಹೆಸರು ಒಂದೇ ಇರುತ್ತದೆ, ಒಳಗಿರುವುದು ಬೇರೆ ಬೇರೆ.

ನಮ್ಮೂರು ಬೆಳಗಾವಿ. ಮರಾಠಿ, ಹಿಂದಿ, ಕನ್ನಡ ಮೂರೂ ಸಿನಿಮಾ ನೋಡಿ ಬೆಳೆದವರ ಊರು. ವಿಸಿಡಿ ಕಾಲದಲ್ಲಿ ಖಡೇಬಜಾರಿನ ಅಂಗಡಿಗಳಲ್ಲಿ ಈ ಮೂರು ಭಾಷೆಯ ಡಿಸ್ಕುಗಳು ರಾಶಿ ರಾಶಿ ಸಿಗುತ್ತಿದ್ದವು. ಒಂದು ಸಿನಿಮಾಕ್ಕೆ ಎರಡು ಡಿಸ್ಕ್, ನಡುವೆ ಎದ್ದು ಬದಲಾಯಿಸಬೇಕು. ಚಿತ್ರದ ಗಾತ್ರ ಬರೀ 352 ಬೈ 288 ಪಿಕ್ಸೆಲ್. ಆಮೇಲೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ತಂದಿತು. ಜಗತ್ತಿನ ಸಿನಿಮಾಗಳನ್ನು ತಂದವರು ಪಲಡೋರ್, ಎನ್‌ಲೈಟನ್, ಎನ್‌ಡಿಟಿವಿ ಲ್ಯೂಮಿಯೇರ್ ಎಂಬ ಕಂಪನಿಗಳವರು. ಸ್ವೀಡನ್ನಿನ ಬರ್ಗ್‌ಮನ್, ಕುರೊಸಾವಾ ಅವರ ಸಿನಿಮಾಗಳು ನಮ್ಮ ರೂಪಾಯಿ ಬೆಲೆಯಲ್ಲಿ ಸಿಕ್ಕಿದ್ದು ಆಗಲೇ. ಆ ಡಿಸ್ಕುಗಳನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ದಾರಿ ಗೋವಾ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಪಣಜಿಯಲ್ಲೇ ನಡೆಯುತ್ತಿದೆ. ಚೋರ್ಲಾ ಘಾಟಿನ ಮೇಲೆ ಹೋದರೆ ನಮಗೆ ಮೂರು ಗಂಟೆಯ ದಾರಿ. ಬೆಂಗಳೂರಿನವರಿಗೂ ಇಲ್ಲದ ಅನುಕೂಲ ಇದು. ಅಲ್ಲಿ ದೊಡ್ಡ ಪರದೆಯ ಮೇಲೆ ನೋಡಿದ್ದು ಮನಸ್ಸಿಗೆ ಹಿಡಿದರೆ, ವಾಪಸ್ ಬರುವ ಬಸ್ಸಿನಲ್ಲೇ ರಿಜಿಸ್ಟರಿಗೆ ಒಂದು ಸಾಲು ಸೇರುತ್ತದೆ.

ಈಗ ನಿಮಿಷದ ಕಾಲಮ್ಮಿನ ವಿಷಯ. ಇದನ್ನು ಯಾರೂ ಸರಿಯಾಗಿ ಗಮನಿಸುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿವಿಡಿಯ ಹಿಂಬದಿಯಲ್ಲಿ 207ರ ಬದಲು 199 ನಿಮಿಷ ಅಂತ ಇದ್ದರೆ, ಕತ್ತರಿಸಿದ್ದಾರೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ನಮ್ಮಲ್ಲೂ ಯುರೋಪಿನಲ್ಲೂ ಇದ್ದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25. ಹಾಗಾಗಿ ಇಡೀ ಸಿನಿಮಾವನ್ನು ಶೇಕಡಾ 4ರಷ್ಟು ವೇಗವಾಗಿ ಓಡಿಸುತ್ತಿದ್ದರು. ನೂರು ನಿಮಿಷದ್ದು 96ಕ್ಕೆ ಮುಗಿಯುತ್ತದೆ, ಒಂದು ದೃಶ್ಯವೂ ಹೋಗಿರುವುದಿಲ್ಲ. ಆದರೆ ಸ್ವರ ಏರಿರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವನು ಹಾರ್ಮೋನಿಯಂ ನುಡಿಸುವ ಗೆಳೆಯ. ಹಾಡಿಗೆ ಕಿವಿ ಕೊಟ್ಟು, "ಇದು ಏರೇತಿ, ಸುರ್ ಇಲ್ಲಿ ನಿಂದ್ರವಲ್ದು" ಅಂದ. ಲೆಕ್ಕ ಹಾಕಿದರೆ ಅವನು ಹೇಳಿದ್ದು ಸರಿ. ಷಡ್ಜದಿಂದ ಕೋಮಲ ರಿಷಭದ ಕಡೆಗೆ ಹತ್ತಿರ ಹತ್ತಿರ ಮುಕ್ಕಾಲು ದಾರಿ ಹೋಗಿರುತ್ತದೆ. ಕುಮಾರ ಗಂಧರ್ವರು ಹುಟ್ಟಿದ ಜಿಲ್ಲೆಯಲ್ಲಿ ಇಂಥ ಕಿವಿಗಳಿಗೆ ಬರ ಇಲ್ಲ. ಬ್ಲೂರೇ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 24ರ ವೇಗವೇ ಇರುತ್ತದೆ. ಸಂಗೀತ ಮುಖ್ಯವಾಗಿರುವ ಸಿನಿಮಾ ಆದರೆ ನಾನು ಪಾಲ್ ಡಿವಿಡಿ ಬರೆದುಕೊಳ್ಳುವುದೇ ಇಲ್ಲ.

ರೀಜನ್ ಅನ್ನುವುದು ಮಾರಾಟದ ಗಡಿ, ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರಿನಲ್ಲಿ ಓಡದಂತೆ ಹಾಕಿದ್ದು. ಡಿವಿಡಿಯಲ್ಲಿ ಭಾರತದ್ದು 5, ಅಮೆರಿಕದ್ದು 1, ಯುರೋಪಿನದ್ದು 2. ಬ್ಲೂರೇಯಲ್ಲಿ ನಮ್ಮದು ಸಿ, ಅಮೆರಿಕ ಮತ್ತು ಜಪಾನ್ ಎ, ಬ್ರಿಟನ್ ಬಿ. ನನಗೆ ಬೇಕಾದವುಗಳಲ್ಲಿ ಹೆಚ್ಚಿನವು ಅಮೆರಿಕದ ಕ್ರೈಟೀರಿಯನ್, ಬ್ರಿಟನ್ನಿನ ಬಿಎಫ್ಐ, ಯುರೇಕಾದ ಮಾಸ್ಟರ್ಸ್ ಆಫ್ ಸಿನಿಮಾ, ಆ್ಯರೋ ಈ ಡಿಸ್ಕ್ ಕಂಪನಿಗಳದ್ದು. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಅವು ಓಡುವ ಭರವಸೆ ಇಲ್ಲ. ಡಿವಿಡಿ ಪ್ಲೇಯರ್ ಆದರೆ ಎಷ್ಟೋ ಸಲ ರಿಮೋಟಿನಲ್ಲೇ ಕೆಲವು ನಂಬರ್ ಒತ್ತಿ ರೀಜನ್ ತೆರೆಯಬಹುದು. ಬ್ಲೂರೇಗೆ ಅಷ್ಟು ಸುಲಭ ಇಲ್ಲ. ಎಲ್ಲ ರೀಜನ್ ಓಡಿಸುವಂತೆ ಮೊದಲೇ ಬದಲಾಯಿಸಿದ ಪ್ಲೇಯರ್ ತರಿಸಬೇಕು. ನಾನು ಮಾಡಿದ್ದು ಅದನ್ನೇ. ಡಿಸ್ಕ್‌ಗಿಂತ ಮೊದಲು ಪ್ಲೇಯರಿಗೆ ದುಡ್ಡು ಕೂಡಿಡಿ ಅಂತ ಹೊಸಬರಿಗೆ ಹೇಳುತ್ತೇನೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಾಯಿಸಲು 5 ಸಲ ಮಾತ್ರ ಅವಕಾಶ, ಆಮೇಲೆ ಕೊನೆಯದ್ದಕ್ಕೇ ಗಟ್ಟಿಯಾಗಿ ಕೂತುಬಿಡುತ್ತದೆ. ಬ್ಲೂರೇಗಿಂತಲೂ ಸ್ಪಷ್ಟವಾದ 4ಕೆ ಡಿಸ್ಕುಗಳಿಗೆ ರೀಜನ್ನಿನ ಕಾಟವೇ ಇಲ್ಲ. ಆದರೆ ಅದರ ಜೊತೆ ಕೊಡುವ ಬ್ಲೂರೇಗೆ ಇರಬಹುದು, ನೋಡಿಕೊಳ್ಳಿ.

ತರಿಸುವುದು ಹೇಗೆ? ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕದಂಗಡಿಯವರು ಜುಲೈ ಮತ್ತು ನವೆಂಬರಿನಲ್ಲಿ ಕ್ರೈಟೀರಿಯನ್ ಡಿಸ್ಕುಗಳನ್ನು ಅರ್ಧ ಬೆಲೆಗೆ ಮಾರುತ್ತಾರೆ. ಅಕ್ಕನ ಮಗ ಅಲ್ಲಿದ್ದಾನೆ. ನವೆಂಬರಿನಲ್ಲಿ ಕೊಂಡಿಟ್ಟು ಊರಿಗೆ ಬರುವಾಗ ತರುತ್ತಾನೆ. "ಮಾಮಾ, ಈ ಸಲ ಎಷ್ಟು ಅದಾವ?" ಅಂತ ಅವನೇ ಫೋನ್ ಮಾಡಿ ಕೇಳುತ್ತಾನೆ. ಅವನ ಚೀಲದಲ್ಲಿ ಜಾಗ ಕಡಿಮೆ. ಆದ್ದರಿಂದ ಪಟ್ಟಿ ಅಚ್ಚುಕಟ್ಟಾಗಿ ಇರಲೇಬೇಕು. ಯಾವುದು ಈ ವರ್ಷ, ಯಾವುದು ಕಾಯಬಹುದು ಎಂಬ ಗುರುತು ಮೊದಲೇ ಹಾಕಿರುತ್ತೇನೆ.

ಕಾಯುವುದಕ್ಕೂ ಒಂದು ಲೆಕ್ಕ ಇದೆ. ಇಟಲಿಯ ಬೊಲೋನ್ಯಾದಲ್ಲಿ ಪ್ರತಿ ಬೇಸಿಗೆ ಹಳೆಯ ಸಿನಿಮಾಗಳದ್ದೇ ಒಂದು ಉತ್ಸವ ನಡೆಯುತ್ತದೆ. ಕಾನ್ ಮತ್ತು ವೆನಿಸ್ ಚಿತ್ರೋತ್ಸವಗಳಲ್ಲೂ ಹಳೆಯ ಸಿನಿಮಾಗಳಿಗೆ ಕ್ಲಾಸಿಕ್ಸ್ ವಿಭಾಗಗಳಿವೆ. ಅಲ್ಲಿ ಹೊಸದಾಗಿ ರಿಸ್ಟೋರ್ ಆದದ್ದು ತೋರಿಸಿದರು ಅಂದರೆ, ಸ್ವಲ್ಪ ಕಾಲದಲ್ಲಿ ಡಿಸ್ಕ್ ಬರುವ ಸಾಧ್ಯತೆ ಜಾಸ್ತಿ. ಆ ಹೆಸರು ಕಂಡ ಕೂಡಲೇ ನಾನು ಹಳೆಯ ಡಿಸ್ಕಿನ ಸಾಲನ್ನು ಅಳಿಸಿ "ಕಾಯಿರಿ" ಅಂತ ಬರೆಯುತ್ತೇನೆ. ತೈವಾನಿನ ಎಡ್ವರ್ಡ್ ಯಾಂಗ್ ಅವರ 'ಎ ಬ್ರೈಟರ್ ಸಮ್ಮರ್ ಡೇ' 1991ರದ್ದು. ಸುಮಾರು ನಾಲ್ಕು ಗಂಟೆಯ ಸಿನಿಮಾ. ಅದು ಸರಿಯಾದ ರೂಪದಲ್ಲಿ ಕ್ರೈಟೀರಿಯನ್ ಡಿಸ್ಕಾಗಿ ಬಂದದ್ದು 2016ರಲ್ಲಿ. ಇಪ್ಪತ್ತೈದು ವರ್ಷ! ಅಲ್ಲಿಯವರೆಗೆ ಜಗತ್ತಿನಾದ್ಯಂತ ಎಷ್ಟು ಜನರ ಪಟ್ಟಿಯಲ್ಲಿ ಅದೇ ಮೊದಲ ಹೆಸರಾಗಿತ್ತೋ.

ಕ್ರೈಟೀರಿಯನ್ನಿನವರೇ ಹೀಗೆ ಕಾದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಅವರ ಡಿವಿಡಿಗಳಿಗೆ ಬೆನ್ನ ಮೇಲೆ ನಂಬರ್ ಇರುತ್ತದೆ. 1 ಎಂಬ ನಂಬರ್ ಕೊಟ್ಟಿದ್ದು ಫ್ರಾನ್ಸಿನ ನಿರ್ದೇಶಕ ಜ್ಯಾಂ ರೆನ್ವಾರ್ 1937ರಲ್ಲಿ ಮಾಡಿದ 'ಗ್ರ್ಯಾಂಡ್ ಇಲ್ಯೂಷನ್'ಗೆ. ಆದರೆ ಅದು ಮೊದಲು ಬರಲಿಲ್ಲ. ಕಳೆದೇ ಹೋಯಿತು ಅಂದುಕೊಂಡಿದ್ದ ಮೂಲ ನೆಗೆಟಿವ್ ಫ್ರಾನ್ಸಿನ ತುಲೂಸ್‌ನಲ್ಲಿ ಇದೆ ಅಂತ ಗೊತ್ತಾಗಿತ್ತು. ಯುದ್ಧದಲ್ಲಿ ನಾಜಿಗಳು ಅದನ್ನು ಬರ್ಲಿನ್ನಿಗೆ ಒಯ್ದಿದ್ದರು, ಅಲ್ಲಿಂದ ಮಾಸ್ಕೋಗೆ ಹೋಗಿ, ಆಮೇಲೆ ತುಲೂಸ್‌ಗೆ ಬಂದಿತ್ತು. ಅದರಿಂದಲೇ ಮಾಡೋಣ ಅಂತ ಡಿವಿಡಿಯನ್ನು ತಡೆದರು. 1999ರಲ್ಲಿ 1ನೇ ನಂಬರ್ ಹೊರಬರುವ ಹೊತ್ತಿಗೆ ಅದಕ್ಕಿಂತ ದೊಡ್ಡ ನಂಬರಿನ ಎಷ್ಟೋ ಡಿಸ್ಕುಗಳು ಅಂಗಡಿಯಲ್ಲಿದ್ದವು. ನೆಗೆಟಿವ್ ಎಲ್ಲಿದೆ ಎಂಬುದನ್ನು ಮೊದಲ ಕಾಲಮ್ಮಿಗೆ ನಾನು ತಂದದ್ದು ಈ ಕಥೆ ತಿಳಿದ ಮೇಲೆ.

ಸತ್ಯಜಿತ್ ರಾಯ್ ಅವರ ಅಪು ಸರಣಿಯ ಮೂರು ಸಿನಿಮಾಗಳ ಕಥೆ ಇದಕ್ಕಿಂತ ವಿಚಿತ್ರ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿಗೆ ಬೆಂಕಿ ಬಿದ್ದು ಮೂರರ ಮೂಲ ನೆಗೆಟಿವ್‌ಗಳೂ ಸುಟ್ಟವು. ಸುಟ್ಟ ರೀಲುಗಳನ್ನು ಯಾರೂ ಬಿಸಾಡಲಿಲ್ಲ, ಅದೇ ದೊಡ್ಡ ವಿಷಯ. ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಅವನ್ನು ಎತ್ತಿಟ್ಟಿತ್ತು. ಇಪ್ಪತ್ತು ವರ್ಷ ಆದ ಮೇಲೆ ಬೊಲೋನ್ಯಾದ ಲ್ಯಾಬಿನವರು ಆ ಸುಟ್ಟು ಬಿರುಕು ಬಿಟ್ಟ ಫಿಲ್ಮನ್ನು ಮೆದು ಮಾಡಿ, ಅಂಚಿನ ತೂತುಗಳನ್ನು ಕೈಯಿಂದ ಕಟ್ಟಿ, 4ಕೆಯಲ್ಲಿ ಸ್ಕ್ಯಾನ್ ಮಾಡಿದರು. 'ಪಥೇರ್ ಪಾಂಚಾಲಿ'ಯ ಶೇಕಡಾ 40ರಷ್ಟು ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು, 'ಅಪರಾಜಿತೋ'ದ್ದು ಶೇಕಡಾ 60ಕ್ಕಿಂತ ಜಾಸ್ತಿ. ಉಳಿದದ್ದನ್ನು ಬೇರೆ ಕಡೆ ಉಳಿದಿದ್ದ ಪ್ರತಿಗಳಿಂದ ತುಂಬಿದರು. 2015ರಲ್ಲಿ ಇದು ಹೊರಬಂತು. ಅಪು ಸಿನಿಮಾಗಳ ಇದಕ್ಕಿಂತ ಹಿಂದಿನ ಯಾವ ಡಿಸ್ಕೂ ಈಗ ನನ್ನ ಕಪಾಟಿನಲ್ಲಿ ಇಲ್ಲ.

ಈ ಡಿಸ್ಕ್ ಬಂದಾಗ 'ಪಥೇರ್ ಪಾಂಚಾಲಿ'ಯನ್ನು ಅವ್ವನಿಗೂ ತೋರಿಸಬೇಕು ಅನ್ನಿಸಿತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಓದಿ ಹೇಳಿದರೆ ಸಿನಿಮಾದ ಮೌನ ಹಾಳಾಗುತ್ತದೆ. ಹಾಗಾಗಿ ನಾನೇ ಕನ್ನಡ ಸಬ್‌ಟೈಟಲ್ ಬರೆದೆ. ಸಬ್‌ಟೈಟಲ್ ಎಡಿಟ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಇಡಬಾರದು. ಅವ್ವ ನಿಧಾನಕ್ಕೆ ಓದುತ್ತಾಳೆ, ಅದಕ್ಕೆ ಮಾತನ್ನು ಸಣ್ಣದು ಮಾಡಿ, ಸಾಲು ಪರದೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿದೆ. ಫೈಲನ್ನು ಯುಟಿಎಫ್-8ರಲ್ಲೇ ಉಳಿಸಬೇಕು, ಇಲ್ಲದಿದ್ದರೆ ಅಕ್ಷರ ಹೋಗಿ ಪ್ರಶ್ನೆ ಚಿಹ್ನೆ ಬರುತ್ತದೆ. ಟಿವಿಗೆ ಹಾಕುವ ಪ್ಲೇಯರ್‌ಗಳಲ್ಲಿ ಕನ್ನಡ ಫಾಂಟ್ ಇರುವುದು ಅಪರೂಪ, ಬರೀ ಚೌಕಗಳು ಕಾಣುತ್ತವೆ. ಲ್ಯಾಪ್‌ಟಾಪಿನಲ್ಲಿ ಓಡಿಸಿ ಎಚ್‌ಡಿಎಂಐ ವೈರಿನಿಂದ ಟಿವಿಗೆ ಕೊಟ್ಟರೆ ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ. ಅವ್ವ ಪೂರ್ತಿ ನೋಡಿದಳು. ಮುಗಿದ ಮೇಲೆ, "ತಮ್ಮಾ, ಆ ಮುದುಕಿಗಿ ಒಂದ್ ತುತ್ತ ಹಾಕಲಿಕ್ಕೆ ಆಕಿಗೇನಾಗಿತ್ತೋ?" ಅಂತ ಸಿನಿಮಾದಲ್ಲಿರುವ ಅಪುವಿನ ತಾಯಿಯ ಮೇಲೆ ಸಿಟ್ಟು ಮಾಡಿಕೊಂಡಳು. ಮರುದಿನ ಉಳಿದ ಎರಡನ್ನೂ ಕೇಳಿದಳು. ಆವತ್ತಿನಿಂದ ರಿಜಿಸ್ಟರಿಗೆ ಇನ್ನೊಂದು ಕಾಲಮ್ ಬಂತು: ಕನ್ನಡ ಸಬ್‌ಟೈಟಲ್. ಕಂಪನಿಯವರೇ ಕನ್ನಡ ಸಬ್‌ಟೈಟಲ್ ಕೊಟ್ಟ ಡಿಸ್ಕ್ ಇನ್ನೂ ಒಂದೂ ಆ ಕಾಲಮ್ಮಿಗೆ ಬಂದಿಲ್ಲ. ಹಳ್ಳಿಯ ಬಡತನದ ಸಿನಿಮಾಗಳು ಇಂಗ್ಲಿಷ್ ಓದುವವರಿಗಷ್ಟೇ ಸಿಗುವುದು ನನಗೆ ಸರಿ ಕಾಣುವುದಿಲ್ಲ.

ಬೆಳಗಾವಿಯ ಮಳೆಗಾಲದ ಬಗ್ಗೆ ಒಂದು ಮಾತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ. ಡಿಸ್ಕಿಗಿಂತ ಮೊದಲು ಕೆಡುವುದು ಪೆಟ್ಟಿಗೆಯೊಳಗಿನ ಪುಸ್ತಿಕೆ, ಬೂಷ್ಟು ಹಿಡಿಯುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಡಿಸ್ಕುಗಳು ನಿಂತಿರಲಿ, ಒಂದರ ಮೇಲೊಂದು ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಿಸಿ ಅಲ್ಲ.

ಪಟ್ಟಿಯ ಕೊನೆಯ ಹಾಳೆಗಳು ಕನ್ನಡದವು. ಅಲ್ಲಿ ಮೊದಲ ಕಾಲಮ್ ತುಂಬುವುದೇ ಕಷ್ಟ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂತು. ಚಿತ್ರೀಕರಣ ಆಗಿದ್ದು ನಮ್ಮ ಪಕ್ಕದ ಕೊಲ್ಹಾಪುರದಲ್ಲಿ. ಅದರ ಪ್ರಿಂಟ್ ಈಗ ಇಲ್ಲ. ಆದರೂ ಆ ಸಾಲನ್ನು ಬರೆದಿದ್ದೇನೆ, ಯಾಕಂದರೆ ಕಳೆದುಹೋದದ್ದು ಎಷ್ಟೋ ವರ್ಷದ ಮೇಲೆ ಸಿಕ್ಕಿದ್ದೂ ಇದೆ. ಜರ್ಮನಿಯ ಮೂಕಿ ಸಿನಿಮಾ 'ಮೆಟ್ರೊಪೊಲಿಸ್'ನ ಕಳೆದುಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. ಡೆನ್ಮಾರ್ಕಿನ ನಿರ್ದೇಶಕ ಡ್ರೇಯರ್ ಅವರ 'ಜೋನ್ ಆಫ್ ಆರ್ಕ್'ನ ಮೂಲ ರೂಪದ ಪ್ರಿಂಟ್ 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಸಿಕ್ಕಿತು. ಹಳೆಯ ಟಾಕೀಸುಗಳ ಗೋದಾಮು, ತಗಡಿನ ಡಬ್ಬಿ ಎಲ್ಲಿ ಕಂಡರೂ ನಾನು ಕೇಳಿ ನೋಡುತ್ತೇನೆ. ನೀವೂ ಕೇಳಿ. ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಅಂತ ಅರ್ಥ, ಗುಜರಿಗೆ ಹಾಕಬೇಡಿ, ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ತಿಳಿಸಿ.

'ಸತಿ ಸುಲೋಚನಾ'ದ ಮೇಲಿನ ಸಾಲುಗಳಲ್ಲಿ ದೇಶದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆದ ನಮ್ಮವು: 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1986ರ 'ತಬರನ ಕಥೆ'. ಎಲ್ಲಕ್ಕಿಂತ ಮೇಲೆ ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'. ಅದರ ಮೊದಲ ಕಾಲಮ್ ತುಂಬಿದೆ. ಆರ್ಕೈವಿನಲ್ಲಿದ್ದ ಮೂಲ ನೆಗೆಟಿವ್‌ನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಸ್ಕೋರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ರಿಸ್ಟೋರ್ ಮಾಡಿದರು. 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಆ ಸಾಲಿನ ಮುಂದೆ ನನಗೆ ಬೇಕಾದ್ದನ್ನು ಪೂರ್ತಿ ಬರೆದಿಟ್ಟಿದ್ದೇನೆ: ಅದೇ 4ಕೆ ರಿಸ್ಟೋರೇಶನ್, ಫಿಲ್ಮಿನ ಕಣಗಳನ್ನು ಒರೆಸದೆ. ರೀಜನ್ ಇಲ್ಲದ ಡಿಸ್ಕ್. ಬಿ.ವಿ. ಕಾರಂತರ ಸಂಗೀತ ಮೂಲದಲ್ಲಿದ್ದ ಹಾಗೆ ಮೋನೋದಲ್ಲೇ, ಸ್ಟೀರಿಯೋ ಮಾಡದೆ. ಕಾಸರವಳ್ಳಿ ಅವರ ಮಾತು ಕನ್ನಡದಲ್ಲಿ, ಕತ್ತರಿಸದೆ. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಬೆಳಕಿನ ಬಗ್ಗೆ ಒಂದು ಲೇಖನ. ಪುಸ್ತಿಕೆ ಕನ್ನಡದಲ್ಲೂ ಇರಬೇಕು. ಬೆಲೆಯ ಕಾಲಮ್ ಖಾಲಿ ಬಿಟ್ಟಿದ್ದೇನೆ, ಎಷ್ಟಾದರೂ ಕೊಡುತ್ತೇನೆ.